ತುಂಬಿ ಬರುತ್ತಿದ್ದ ಡಬ್ಬಿ

ಐದು ತಿಂಗಳು ಆ ಡಬ್ಬಿಯನ್ನು ಈಸಿಕೊಂಡವಳು ನಾನು. ಐದು ಸಲವೂ ಅದು ಕತ್ತಿನವರೆಗೆ ತುಂಬಿತ್ತು. ಅದರಲ್ಲಿದ್ದ ಅಕ್ಕಿ ಒಬ್ಬ ಹೆಂಗಸು ರಾತ್ರಿ ಉಣ್ಣದೆ ಎತ್ತಿಟ್ಟದ್ದು ಎಂದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೆ ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನ್ನಲ್ಲಿ ತೀರ್ಮಾನವಾಗಿಲ್ಲ. ಹಾಗಾಗಿ ನಡೆದದ್ದನ್ನು ಮೊದಲಿಂದ, ನಡೆದ ಹಾಗೆ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ.

ನಾನು ಹಾಸನದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಇಪ್ಪತ್ತು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಹತ್ತರವರೆಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಮಂಡಿ ನೋವು ಶುರುವಾದಾಗ ಡಾಕ್ಟರು ಸೈಕಲ್ ಹೊಡಿ ಎಂದರು. ಈ ವಯಸ್ಸಿನಲ್ಲಿ ಒಬ್ಬಳೇ ಸೈಕಲ್ ಹತ್ತಲು ನಾಚಿಕೆಯಾಗಿ ಭಾನುವಾರದ ಒಂದು ಗುಂಪಿಗೆ ಸೇರಿಕೊಂಡೆ. ಹನ್ನೆರಡು ಜನ. ಮುಂದೆ ಹೋಗುವವರು ನಿವೃತ್ತ ಡ್ರಿಲ್ ಮೇಷ್ಟ್ರು. ಎಪ್ಪತ್ತರ ಹತ್ತಿರದವರು, ಏರಿನಲ್ಲೂ ಸೀಟಿನಿಂದ ಏಳುವುದಿಲ್ಲ. ಕೊನೆಗೆ ಬರುವವರು ಒಬ್ಬ ಬೇಕರಿಯವರು. ಎಲ್ಲರನ್ನೂ ರೇಗಿಸಿಕೊಂಡು, ಚೈನ್ ಕಳಚಿದವರಿಗೆ ಹಾಕಿಕೊಟ್ಟುಕೊಂಡು ಬರುತ್ತಾರೆ. ಮಿಕ್ಕವರ ಪರಿಚಯ ಈ ಬರಹಕ್ಕೆ ಬೇಕಾಗಿಲ್ಲ.

ಮೊದಮೊದಲು ನಾವು ಸುಮ್ಮನೆ ಹೋಗಿ ಬರುತ್ತಿದ್ದೆವು. ಶಾಂತಿಗ್ರಾಮದವರೆಗೆ ತುಳಿದು, ಇಡ್ಲಿ ತಿಂದು ವಾಪಸ್ಸು. ಒಂದು ಭಾನುವಾರ ಚನ್ನರಾಯಪಟ್ಟಣದಲ್ಲಿ ಮಳೆ ಬಂತೆಂದು ಬಸ್ ನಿಲ್ದಾಣದ ಹಿಂದೆ ನಿಂತೆವು. ಅಲ್ಲಿ ಕೂದಲು ತೆಗೆದುಕೊಂಡು ಪಾತ್ರೆ ಕೊಡುವ ನಾಲ್ಕು ಕುಟುಂಬಗಳು ಟಾರ್ಪಾಲು ಕಟ್ಟಿಕೊಂಡಿದ್ದವು. ಹೊಸ ಸ್ಟೀಲ್ ಪಾತ್ರೆಗಳು ಚೀಲದ ತುಂಬ ಇದ್ದವು, ಒಲೆ ಎರಡು ದಿನದಿಂದ ಹತ್ತಿರಲಿಲ್ಲ. ಮೇಷ್ಟ್ರು ಮುಂದಿನ ವಾರ ಬಂದು, "ಸುಮ್ನೆ ತುಳಿಯೋದು ಸಾಕು. ಊರೂರಿಗೆ ಹೋಗಿ ಅಕ್ಕಿ ಎತ್ತೋಣ" ಎಂದರು.

ಕ್ರಮ ಹೀಗೆ. ಬೇಕರಿಯವರ ಅಂಗಡಿಯಲ್ಲಿ ನಿಪ್ಪಟ್ಟು, ಕೋಡುಬಳೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಅವನ್ನು ತೊಳೆದು, ಒಪ್ಪಿದ ಮನೆಗಳಿಗೆ ಒಂದೊಂದು ಕೊಟ್ಟೆವು. ಮನೆಯವರು ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ಅದಕ್ಕೆ ಹಾಕಬೇಕು. ತಿಂಗಳಿಗೊಂದು ಭಾನುವಾರ ನಾವು ಸೈಕಲ್ಲಿನಲ್ಲಿ ಹೋಗಿ, ಡಬ್ಬಿ ಖಾಲಿ ಮಾಡಿಕೊಂಡು ಖಾಲಿ ಡಬ್ಬಿಯನ್ನು ಅಲ್ಲೇ ಬಿಟ್ಟು ಬರುವುದು. ಹಿಂದೆ ಒಂದು ಲಗೇಜ್ ಆಟೊ ಬರುತ್ತದೆ. ಎಲ್ಲ ಮನೆಯ ಅಕ್ಕಿಯೂ ಒಂದೇ ಚೀಲಕ್ಕೆ. ಇದು ಮೇಷ್ಟ್ರು ಹಾಕಿದ ನಿಯಮ. ಯಾರ ಮನೆಯದು ಯಾರ ಮನೆಗೆ ಹೋಯಿತೆಂದು ಕೊಟ್ಟವರಿಗೂ ತಿಳಿಯಬಾರದು, ತಿಂದವರಿಗೂ ತಿಳಿಯಬಾರದು. ಮಾರನೇ ಭಾನುವಾರ ಅದನ್ನು ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ, ರೇಷನ್ ಕಾರ್ಡಿಲ್ಲದವರಿಗೆ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದವರಿಗೆ ಹಂಚುತ್ತೇವೆ.

ಆ ಊರು ಅರಕಲಗೂಡಿನ ರಸ್ತೆಯಲ್ಲಿ ಎಡಕ್ಕೆ ಒಳಗೆ ಹೋಗಬೇಕು. ದೊಡ್ಡ ಬೀದಿಯಲ್ಲಿ ಹಾಲಿನ ಡೈರಿ, ತಾರಸಿ ಮನೆಗಳು, ಮನೆಗೊಂದು ಟ್ರ್ಯಾಕ್ಟರು. ಬೀದಿ ಮುಗಿದು ನಾಲೆಯ ಸೇತುವೆ ದಾಟಿದರೆ ಕಾಲೋನಿ. ನಾನೂ ಹೊಳೆನರಸೀಪುರದ ಹತ್ತಿರ ಅಂಥದೇ ಒಂದು ದೊಡ್ಡ ಬೀದಿಯಲ್ಲಿ ಬೆಳೆದವಳು. ಸೇತುವೆಯ ಈಚೆಗೆ ಕೊಡುವ ಡಬ್ಬಿ, ಆಚೆಗೆ ಈಸಿಕೊಳ್ಳುವ ಅಕ್ಕಿ ಎಂಬ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಡೈರಿಯ ಮುಂದೆ ನಿಂತು ಡಬ್ಬಿ ಹಂಚುತ್ತಿದ್ದೆವು. ಶುಂಠಿ ತೊಳೆಯುವ ಕಣದಿಂದ ಬರುತ್ತಿದ್ದ ಒಬ್ಬ ಹೆಂಗಸು ನಿಂತು ನೋಡಿದಳು. ಮೂವತ್ತು ಮೂವತ್ತೆರಡು ಇರಬಹುದು. ಮಂಡಿಯವರೆಗೆ ಕೆಂಪು ಮಣ್ಣಿನ ನೀರು ಅಂಟಿತ್ತು.

"ಡಬ್ಬಿ ಎಲ್ರಿಗೂ ಕೊಡ್ತೀರಾ ಸಾ?"

ಮೇಷ್ಟ್ರು ನಕ್ಕರು. "ನಿಮಗ್ಯಾಕಮ್ಮ ತೊಂದ್ರೆ. ಆ ಕಡೆಗೆ ಬೇಕಾದ್ರೆ ನಾವೇ ತಂದ್ಕೊಡ್ತೀವಿ."

"ತಂದ್ಕೊಡೋದು ಇರ್ಲಿ ಬುಡಿ. ನಮ್ ಮನೇಲೂ ದಿನಾ ಒಲೆ ಅಚ್ತೀವಿ. ಒಂದ್ ಹಿಡಿ ಎತ್ತಿಡಕ್ಕೆ ನಮ್ ಕೈಗೇನು ರೋಗ ಬಂದದಾ?"

ಡೈರಿಯ ಮೆಟ್ಟಿಲ ಮೇಲಿದ್ದ ಯಾರೋ, "ನಿಂಗ್ಯಾಕಮ್ಮಿ ಊರ್ ಉಸಾಬರಿ" ಎಂದರು. ಅವಳು ಅತ್ತ ತಿರುಗಲಿಲ್ಲ. ಬೇಕರಿಯವರು ಆಟೊದಿಂದ ಒಂದು ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟರು. "ತಕೋ ತಾಯಿ. ನಿಪ್ಪಟ್ಟಿನ ವಾಸ್ನೆ ಹೋಗಿಲ್ಲ, ಬೈಕೋಬೇಡ." ಅವಳು ಮುಚ್ಚಳ ತಿರುಗಿಸಿ ಮೂಸಿ ನೋಡಿ ನಕ್ಕಳು. ಆಮೇಲೆ ಕಾಲೋನಿಯ ಇನ್ನೂ ಎರಡು ಮನೆಯವರು ಬಂದು ಕೇಳಿದರು. ಅವರಿಗೂ ಕೊಟ್ಟೆವು.

ಮೊದಲ ತಿಂಗಳು ಹೋದಾಗ ಅವಳು ಸೇತುವೆಯ ಹತ್ತಿರವೇ ನಿಂತಿದ್ದಳು. ಡಬ್ಬಿ ತುಂಬಿತ್ತು. ನಾನು ಸಂತೋಷ ತಡೆಯಲಾರದೆ ಸೈಕಲ್ ಬೆಲ್ ಹೊಡೆದೆ. ಹಿಂದಿದ್ದವರು ಹೊಡೆದರು, ಮೇಷ್ಟ್ರೂ ಹೊಡೆದರು. ಹನ್ನೆರಡು ಬೆಲ್ಲು ಒಟ್ಟಿಗೆ ಕೇಳಿ ದೊಡ್ಡ ಬೀದಿಯಿಂದ ಜನ ಹೊರಗೆ ಬಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವತ್ತಿನಿಂದ ಡಬ್ಬಿ ತುಂಬಿದ ಮನೆಯ ಮುಂದೆ ಬೆಲ್ ಹೊಡೆಯುವುದು ನಮ್ಮ ಪದ್ಧತಿಯಾಯಿತು. ಮೊದಲು ಹೊಡೆದವಳು ನಾನು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡಬೇಕು.

ದೊಡ್ಡ ಬೀದಿಯ ಒಬ್ಬ ಯಜಮಾನಿ, ಎರಡಂತಸ್ತಿನ ಮನೆಯವರು, ಆಟೊದವರೆಗೆ ಬಂದು ಚೀಲದೊಳಗೆ ಇಣುಕಿದರು.

"ಎಲ್ಲಾ ಒಂದೇ ಚೀಲಕ್ಕಾ?"

"ಹೂಂ ಅಮ್ಮ, ಒಂದೇ ಚೀಲ."

ಅವರು ಸೇತುವೆಯ ಆಚೆ ಒಮ್ಮೆ ನೋಡಿದರು. "ಆಯ್ತು ಬುಡಿ. ಯಾರೋ ತಾನೆ ತಿನ್ನೋರು."

ಕಾಲೋನಿಯಲ್ಲಿ ಅವಳ ಅತ್ತೆ ಕೊಟ್ಟ ಚೊಂಬಿನಿಂದ ನಾನು ಅವತ್ತು ನೀರು ಕುಡಿದೆ. ಕುಡಿದೆನೆಂದು ನನಗೆ ನನ್ನ ಮೇಲೇ ಮೆಚ್ಚಿಗೆಯಾಗಿತ್ತು. ಆ ಮೆಚ್ಚಿಗೆಯಲ್ಲಿ ಕಣ್ಣು ಎಷ್ಟು ಮಂಜಾಗಿತ್ತೆಂದು ಈಗ ಅನ್ನಿಸುತ್ತದೆ.

ಏಕೆಂದರೆ ಕಾಣಬೇಕಾದದ್ದೆಲ್ಲ ಮುಂದೆಯೇ ಇತ್ತು. ಅವಳ ಡಬ್ಬಿಯಲ್ಲಿದ್ದದ್ದು ರೇಷನ್ ಅಕ್ಕಿ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ದೊಡ್ಡ ಬೀದಿಯ ಡಬ್ಬಿಗಳಲ್ಲಿಯೂ ರೇಷನ್ ಅಕ್ಕಿಯೇ ಬರುತ್ತಿತ್ತು. ಆ ಮನೆಗಳಲ್ಲಿ ಅದನ್ನು ಉಣ್ಣುವುದಿಲ್ಲ, ದೋಸೆಗೆ ನೆನೆಹಾಕುತ್ತಾರೆ, ಹಸುವಿಗೆ ಬೇಯಿಸುತ್ತಾರೆ, ಮಿಕ್ಕದ್ದು ನಮಗೆ. ರೇಷನ್ ಅಕ್ಕಿ ಎಂದರೆ ಮನೆಯಲ್ಲಿ ಮಿಕ್ಕ ಅಕ್ಕಿ ಎಂದು ನಾವು ಹನ್ನೆರಡು ಜನವೂ ಓದಿಕೊಂಡಿದ್ದೆವು. ಅವಳದನ್ನೂ ಹಾಗೇ ಓದಿದೆವು. ಆ ಮನೆಯಲ್ಲಿ ಉಣ್ಣಲು ಅದೊಂದೇ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಇನ್ನೊಂದು ಲೆಕ್ಕ. ದಿನಕ್ಕೆ ಒಂದೇ ಹಿಡಿ ಹಾಕಿದರೆ ತಿಂಗಳಿಗೆ ಆ ಡಬ್ಬಿ ಅರ್ಧವೂ ಆಗುವುದಿಲ್ಲ. ನಾನೇ ಆಮೇಲೆ ಮನೆಯಲ್ಲಿ ಹಾಕಿ ನೋಡಿದೆ. ದೊಡ್ಡ ಬೀದಿಯಲ್ಲಿ ತುಂಬಿ ಬರುತ್ತಿದ್ದ ಡಬ್ಬಿಗಳು ನಾವು ಬರುವ ಬೆಳಿಗ್ಗೆ ಮೂಟೆಯಿಂದ ಸೇರಿನಲ್ಲಿ ಅಳೆದು ಸುರಿದವು. ಅದು ನಮಗೆ ಗೊತ್ತಿತ್ತು, ನಗುತ್ತಿದ್ದೆವು. ಅವಳೂ ಹಾಗೆ ಸುರಿದಿರಬೇಕೆಂದುಕೊಂಡೆವು. ಅವಳ ಮನೆಯಲ್ಲಿ ಮೂಟೆ ಇರಲಿಲ್ಲ. ಗಂಡ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಲ್ಲಿ ಸೊಪ್ಪು ಕಟ್ಟಿದ ಕಡ್ಡಿ ಏರಿಸುವಾಗ ಮೇಲಿಂದ ಬಿದ್ದು, ಸೊಂಟಕ್ಕೆ ಪೆಟ್ಟಾಗಿ ಮಲಗಿದ್ದ. ಅತ್ತೆ, ಶಾಲೆಗೆ ಹೋಗುವ ಒಬ್ಬ ಮಗಳು. ದುಡಿಯುವವಳು ಇವಳೊಬ್ಬಳೇ. ಯುಗಾದಿ ಆದಮೇಲೆ ಶುಂಠಿ ಮುಗಿದು ಕಣದ ಕೆಲಸ ನಿಂತಿತು. ಇದನ್ನೆಲ್ಲ ಅವಳು ನನಗೆ ಒಂದೊಂದು ತಿಂಗಳು ಒಂದೊಂದು ಮಾತಿನಲ್ಲಿ ಹೇಳಿದ್ದಳು. ಕೇಳಿಸಿಕೊಂಡು ಡಬ್ಬಿ ಈಸಿಕೊಂಡಿದ್ದೆ.

ನಾಲ್ಕನೇ ತಿಂಗಳು ಅವಳ ಗಾಜಿನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ತುಟಿ ಬಿಳಿಚಿತ್ತು. ದಿನಕ್ಕೆ ಎಷ್ಟೋ ಜನರ ಕೈ ಹಿಡಿದು ಉಗುರು ನೋಡುವವಳು ನಾನು.

"ಯಾಕಮ್ಮ, ಇಳಿದುಹೋಗಿದೀಯಲ್ಲ?"

"ಕಣ ನಿಂತೋಯ್ತಲ್ಲಕ್ಕ. ಬಿಸ್ಲು ಬೀಳ್ದೆ ಬೆಳ್ಳಗಾಗಿವ್ನಿ. ಇನ್ನೆರಡ್ ತಿಂಗಳು ಬುಟ್ರೆ ನಿಮ್ಮಂಗೆ ಆಯ್ತೀನಿ ನೋಡಿ."

ಅವಳು ನಕ್ಕಳು. ನಾನೂ ನಕ್ಕೆ. ಬೆಲ್ ಹೊಡೆದೆವು.

ಐದನೇ ಸಲ ಡಬ್ಬಿ ಈಸಿಕೊಂಡು ಬಂದ ಮೂರನೇ ದಿನ, ಬುಧವಾರ ಬೆಳಿಗ್ಗೆ, ಅವಳು ನಮ್ಮ ಲ್ಯಾಬಿಗೆ ಬಂದಳು. ಬೀದಿಯಲ್ಲಿ ತಲೆ ಸುತ್ತಿ ಬಿದ್ದಿದ್ದಳಂತೆ. ಡಾಕ್ಟರ ಚೀಟಿ ಅತ್ತೆಯ ಕೈಯಲ್ಲಿತ್ತು. ನಾನು ಮಾಸ್ಕು, ಬಿಳಿ ಕೋಟು ಹಾಕಿದ್ದೆ. ಸೈಕಲ್ಲಿನ ಮೇಲೆ ಹೆಲ್ಮೆಟ್ಟು, ಹಳದಿ ಟೀಶರ್ಟಿನಲ್ಲಿ ನನ್ನನ್ನು ನೋಡಿದ್ದ ಮುದುಕಿಗೆ ನಾನು ಯಾರೆಂದು ತಿಳಿಯಲಿಲ್ಲ. ಅವಳಂತೂ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು.

ನಾನು ಅಭ್ಯಾಸದಂತೆ ಕೇಳಿದೆ. "ಏನಾದ್ರೂ ತಿಂದಿದಾರಾ ಅಜ್ಜಿ?"

"ತಿಂದಿದ್ರೆ ಇಲ್ಯಾಕವ್ವ ಬತ್ತಿದ್ವಿ. ರಾತ್ರೆ ಉಣ್ಣಕ್ಕಿಲ್ಲ ಇವ್ಳು. ತನ್ ಪಾಲಿನ ಅಕ್ಕೀನ ಡಬ್ಬಿಗೆ ಆಕ್ತಾಳೆ. ಯಾರೋ ಸೈಕಲ್ನೋರು ಬತ್ತಾರೆ. ಡಬ್ಬಿ ತುಂಬಿದ್ರೆ ಬೆಲ್ ಒಡೀತಾರೆ. ಊರ್ ಮುಂದೆ ಬೆಲ್ ಒಡಿಸ್ಕೊಳ್ಳೋ ಸೋಕಿ ಇವ್ಳಿಗೆ. ಅವ್ರ ಸೈಕಲ್ಲು ಗುಂಡಿಗೆ ಬೀಳ!"

ನನ್ನ ಕೈಯಲ್ಲಿ ಅವಳ ಕೈ ಇತ್ತು. ಸೂಜಿ ಹಾಕಿದೆ. ಒಂದೇ ಸಲಕ್ಕೆ ನರ ಸಿಕ್ಕಿತು. ಟ್ಯೂಬಿಗೆ ಬಂದ ರಕ್ತದ ತೆಳು ಬಣ್ಣ ನೋಡಿ ನಾನು ಹತ್ತಿ ಒತ್ತುವುದನ್ನು ಮರೆತೆ. ರಿಪೋರ್ಟಿನ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಡಾಕ್ಟರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು ಎಂದಷ್ಟು ಬರೆಯುತ್ತೇನೆ.

ಮುದುಕಿ ಟೀ ಕುಡಿಯಲು ಹೊರಗೆ ಹೋದಾಗ ಅವಳು ಕಣ್ಣು ಬಿಟ್ಟಳು.

"ಅಕ್ಕ, ನೀವೇ ಅಲ್ವಾ? ದನಿ ಕೇಳಿ ಗೊತ್ತಾಯ್ತು."

ನಾನು ಮಾಸ್ಕ್ ತೆಗೆದೆ.

"ಮೇಷ್ಟ್ರುಗೆ ಏಳ್ಬೇಡಿ ಅಕ್ಕ."

"ಎಂಥ ಕೆಲ್ಸ ಮಾಡ್ಕೊಂಡಿದೀಯ. ಡಬ್ಬಿ ವಾಪಸ್ ಕೊಟ್ಬಿಡು. ಯಾರೂ ಏನೂ ಅನ್ನಲ್ಲ."

"ನೀವನ್ನಲ್ಲ." ಅವಳು ಎದ್ದು ಕೂತಳು. "ನಮ್ ಬೀದೀಗೆ ಎಲ್ರೂ ಕೊಡಕ್ಕೇ ಬಂದವ್ರು ಅಕ್ಕ. ಎಲೆಕ್ಷನ್ನೋರು, ಕ್ಯಾಂಪ್ ಮಾಡೋರು. ಕೊಡಿ ಅಂತ ಕೈ ನೀಡ್ಕೊಂಡು ನಿಂತೋರು ನೀವೊಬ್ರೇಯ. ಬೆಲ್ ಒಡ್ದಾಗ ನಮ್ ಮಗ್ಳು ಮನೇಗೆ ಓಡ್ಬಂದು ಅವ್ರಪ್ಪಂಗೆ ಏಳ್ತಾಳೆ. ಮಲಗಿದ್ದೋನು ಎದ್ದು ಗೋಡೆಗೊರಗಿ ಕೂತ್ಕಂತಾನೆ. ಡಬ್ಬಿ ಕಿತ್ಕೋಬೇಡಿ."

"ಅರ್ಧ ತುಂಬಿಸು ಸಾಕು."

"ಅರ್ಧ ಡಬ್ಬಿಗೆ ಬೆಲ್ ಒಡೀತೀರಾ? ಒಡೀದೆ ಓದ್ರೆ ಇಡೀ ಊರಿಗೆ ತಿಳೀತದೆ. ಈ ತಿಂಗ್ಳು ಅವ್ಳ ಮನೇಲಿ ಇಲ್ಲ ಅಂತ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಪ್ರತಿಯಾಗಿ, ರಾತ್ರಿ ಉಣ್ಣುತ್ತೇನೆ, ಡಾಕ್ಟರು ಬರೆದ ಕಬ್ಬಿಣದ ಮಾತ್ರೆ ನುಂಗುತ್ತೇನೆ ಎಂದು ಅವಳೂ ಮಾತು ಕೊಟ್ಟಳು. ಹಾಗೆ ಕೊಡುವಾಗ ಅವಳು ನನ್ನ ಮುಖ ನೋಡಲಿಲ್ಲ. ಅದನ್ನೂ ಗಮನಿಸಿದ್ದೆ.

ಅವತ್ತು ಸಂಜೆ ಬೇಕರಿಗೆ ಹೋದೆ. ಕಾರಣ ಹೇಳದೆ, ಡಬ್ಬಿಗಳು ದೊಡ್ಡವಾದವು, ಹೆಚ್ಚು ದಿನ ಅಕ್ಕಿ ಇಟ್ಟರೆ ಹುಳ ಬೀಳುತ್ತದೆ, ಎಲ್ಲ ಮನೆಗೂ ಚಿಕ್ಕವು ಕೊಡೋಣ ಎಂದೆ. ಬೇಕರಿಯವರು ಪೆಪ್ಪರ್‌ಮೆಂಟು ತುಂಬಿಡುವ ಡಬ್ಬಿ ತೋರಿಸಿದರು.

"ಕೊಡೋರ ಕೈ ಚಿಕ್ಕದಾಗ್ಲಿ ಅಂತ ಹರಕೆ ಹೊತ್ತಿದೀರಾ ಅಕ್ಕ? ಜನ ಡಬ್ಬಿ ದೊಡ್ಡದು ಮಾಡಿ ಅಂತಾರೆ, ನೀವೊಬ್ರು."

"ಬೆಲ್ ಹೊಡೆಯೋದೂ ನಿಲ್ಲಿಸೋಣ."

"ಅದು ನೀವೇ ಶುರು ಮಾಡಿದ್ದು ಕಣ್ರೀ!"

ಮೇಷ್ಟ್ರು ಬೆಲ್ ನಿಲ್ಲಿಸಲು ಒಪ್ಪಲಿಲ್ಲ. ಜನಕ್ಕೆ ಅದೇ ಖುಷಿ ಎಂದರು. ಡಬ್ಬಿ ಮಾತ್ರ ಬದಲಾಯಿತು. ಆ ವಾರದಲ್ಲೇ ಆಟೊದಲ್ಲಿ ಹೋಗಿ ಎಲ್ಲ ಮನೆಗೂ ಚಿಕ್ಕ ಡಬ್ಬಿ ಕೊಟ್ಟು ಬಂದೆವು. ಎಲ್ಲರಿಗೂ ಒಂದೇ ಥರ ಕೊಟ್ಟಿದ್ದರಿಂದ ಅವಳ ಹೆಸರು ಎಲ್ಲೂ ಬರಲಿಲ್ಲ. ಒಂದು ತಿಂಗಳು ನಾನು ಸ್ವಲ್ಪ ನಿದ್ದೆ ಮಾಡಿದೆ.

ಆರನೇ ಸಲ ಹೋದಾಗ ಅವಳು ಸೇತುವೆಯ ಹತ್ತಿರ ಇರಲಿಲ್ಲ, ಮನೆಯ ಜಗಲಿಯ ಮೇಲೆ ಕೂತಿದ್ದಳು. ಬಾಗಿಲ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಕೆಳಗೆ ಚಿಕ್ಕ ಡಬ್ಬಿ. ತುಂಬಿತ್ತು. ಪಕ್ಕದಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರಲ್ಲೂ ಅಕ್ಕಿ.

"ಡಬ್ಬಿ ಸಣ್ಣದಾಯ್ತಲ್ಲಕ್ಕ. ಮಿಕ್ಕಿದ್ದು ಇದ್ರಾಗೆ ಆಕಿವ್ನಿ."

ನಾನು ಡಬ್ಬಿ ತೆಗೆದುಕೊಂಡು ಕವರನ್ನು ಅವಳ ಕಡೆ ತಳ್ಳಿದೆ. ಅವಳು ಮತ್ತೆ ನನ್ನ ಕಡೆ ತಳ್ಳಿದಳು. ಎದ್ದಾಗ ಕಂಬ ಹಿಡಿದುಕೊಂಡಳು. ಪಕ್ಕದ ಮನೆಯವರು ನೋಡುತ್ತಿದ್ದರು, ಸೇತುವೆಯ ಆಚೆ ಡೈರಿಗೆ ಬಂದವರು ನೋಡುತ್ತಿದ್ದರು. ನಾನು ಕವರ್ ತೆಗೆದುಕೊಂಡೆ. ಚೀಲಕ್ಕೆ ಸುರಿದೆ. ಹಿಂದಿನಿಂದ ಬೆಲ್ಲುಗಳು ಶುರುವಾದವು. ಅವತ್ತು ನಾನು ಹೊಡೆಯಲಿಲ್ಲ. ಹೊಡೆಯದಿದ್ದದ್ದನ್ನು ಅವಳು ನೋಡಿದಳು.

ವಾಪಸ್ಸು ಬರುವಾಗ ಗೊರೂರಿನ ಹತ್ತಿರ ಟೀಗೆ ನಿಂತೆವು. ಮೇಷ್ಟ್ರು ಒಬ್ಬರೇ ಬೆಂಚಿನ ಮೇಲಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಹೇಳಿಬಿಟ್ಟೆ. ಲ್ಯಾಬಿನಲ್ಲಿ ಒಬ್ಬರ ರಕ್ತದಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದು. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಮುರಿದಿರಲಿಲ್ಲ. ಅವಳಿಗೆ ಕೊಟ್ಟ ಮಾತು ಬೇರೆ. ಎರಡನ್ನೂ ಒಂದು ಲೋಟ ಟೀ ಆರುವಷ್ಟರಲ್ಲಿ ಮುರಿದೆ. ಅವಳು ಕಂಬ ಹಿಡಿದುಕೊಂಡದ್ದು ಕಣ್ಣ ಮುಂದಿತ್ತು. ಇನ್ನೊಂದು ತಿಂಗಳು ಸುಮ್ಮನಿದ್ದರೆ ಅವಳು ಉಳಿಯುವುದಿಲ್ಲವೇನೋ ಎಂದು ಹೆದರಿದ್ದೆ. ಆ ಹೆದರಿಕೆ ನಿಜ. ಆದರೆ ಹೇಳಿದ ಮೇಲೆ ಎದೆ ಹಗುರವಾದದ್ದೂ ನಿಜ. ಯಾವುದಕ್ಕಾಗಿ ಹೇಳಿದೆ ಎಂದು ಈಗ ಬೇರ್ಪಡಿಸಲು ಆಗುತ್ತಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಟೀಶರ್ಟಿಗೆ ಒರೆಸಿಕೊಂಡರು.

"ನಾವು ಅವ್ಳ ಊಟ ಹೊತ್ಕೊಂಡು ಬಂದ್ವೇನಮ್ಮ?"

"ಯಾರಿಗೂ ಗೊತ್ತಾಗ್ದಂಗೆ ಏನಾದ್ರೂ ಮಾಡಿ ಮೇಷ್ಟ್ರೇ."

"ನೀನು ಬಿಡು. ನಾನ್ ನೋಡ್ಕೋತೀನಿ."

ಮುಂದಿನ ಭಾನುವಾರ ಹೊಳೆನರಸೀಪುರಕ್ಕೆ ಹಂಚಲು ಹೊರಡಬೇಕಿತ್ತು. ಆಟೊ ತುಂಬಿತ್ತು. ಮೇಷ್ಟ್ರು ಎಲ್ಲರ ಮುಂದೆ ಹೋದವರು ಅರಕಲಗೂಡಿನ ರಸ್ತೆ ಹಿಡಿದರು. ನಾನು ಹಿಂದಿನಿಂದ ಕೂಗಿದೆ, ಗಾಳಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿಯೂ ತಿರುಗಲಿಲ್ಲ. ಎಡಕ್ಕೆ ತಿರುಗಿದಾಗ ನನಗೆ ಖಾತ್ರಿಯಾಯಿತು. ಹನ್ನೆರಡು ಸೈಕಲ್ಲು, ಆಟೊ, ಎಲ್ಲ ದೊಡ್ಡ ಬೀದಿಯಲ್ಲೇ ಹಾದು ಸೇತುವೆ ದಾಟಿ ಅವಳ ಮನೆಯ ಮುಂದೆ ನಿಂತವು.

ಮೇಷ್ಟ್ರು ತಾವೇ ಅಕ್ಕಿ ಚೀಲ ಇಳಿಸಿದರು. ಬೇಳೆ, ಎಣ್ಣೆ, ಬೆಲ್ಲ, ಕಡಲೆಬೀಜ ಎಲ್ಲ ತಮ್ಮ ಕೈಯಿಂದ ಕೊಂಡು ತಂದಿದ್ದರು. ಜಗಲಿಯ ಮೇಲೆ ಜೋಡಿಸಿಟ್ಟು ನೆಟ್ಟಗೆ ನಿಂತರು. ನಲವತ್ತು ವರ್ಷ ಮೈದಾನದಲ್ಲಿ ಕೂಗಿದ ಗಂಟಲು ಅವರದು, ಮೆಲ್ಲಗೆ ಮಾತಾಡಲು ಬರುವುದಿಲ್ಲ.

"ಇನ್ಮೇಲೆ ನೀನು ಕೊಡೋದು ಬೇಡ ಕಣಮ್ಮ. ಮೊದ್ಲು ಹೊಟ್ಟೆ ತುಂಬ ನೀನು ಉಣ್ಣು. ನಾವೆಲ್ಲ ಇದೀವಿ."

ಅವರ ಕಣ್ಣಲ್ಲಿ ನೀರಿತ್ತು. ಇದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಮುದುಕಿ ಹೊರಗೆ ಬಂದು ಚೀಲ ಮುಟ್ಟಿ, ಕೈ ಮುಗಿದು, "ನಿಮ್ ಒಟ್ಟೆ ತಣ್ಣಗಿರ್ಲಿ ಸಾಮಿ" ಎಂದಳು. ಸೇತುವೆಯ ಹತ್ತಿರ ಆಗಲೇ ಜನ ಸೇರಿದ್ದರು. ಎರಡಂತಸ್ತಿನ ಮನೆಯ ಯಜಮಾನಿ ಅಲ್ಲಿಂದಲೇ ಕೇಳಿದರು. "ಅಯ್ಯೋ, ಉಪಾಸ ಇದ್ಕೊಂಡು ಬೆಲ್ ಒಡಿಸ್ಕತಿದ್ಲಾ ಇವ್ಳು?" ಯಾರೋ ನಕ್ಕರು. ಒಬ್ಬರೇ ನಕ್ಕದ್ದು, ಗಂಡಸು, ಅಷ್ಟು ಮಾತ್ರ ನೆನಪಿದೆ.

ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಮೇಷ್ಟ್ರನ್ನು ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಹನ್ನೆರಡು ಜನರಲ್ಲಿ ನನ್ನನ್ನು ಹುಡುಕಿ ನೋಡಿದಳು. ಒಳಗೆ ಮಂಚದ ಮೇಲೆ ಕೂತಿದ್ದ ಗಂಡ ಗೋಡೆಯ ಕಡೆ ತಿರುಗಿ ಮಲಗಿಕೊಂಡದ್ದು ಬಾಗಿಲಿನಿಂದ ಕಾಣಿಸಿತು. ಅವಳು ಒಳಗೆ ಹೋಗಿ ಡಬ್ಬಿ ತಂದಳು. ತಳದಲ್ಲಿ ಒಂದು ವಾರದ ಅಕ್ಕಿ ಇತ್ತು.

"ತಕಳಿ."

ನಾನು ಕೈ ಚಾಚಿದೆ. ಬೇಕರಿಯವರು ಹಿಂದಿನಿಂದ, "ಅಕ್ಕಿ ಅವರಿಗೇ ಬಿಡ್ರೀ" ಎಂದು ಪಿಸುಗುಟ್ಟಿದರು. ಆದರೆ ಅವಳು ಡಬ್ಬಿ ಬಿಟ್ಟಾಗಿತ್ತು. ಮಗಳು ಯಾವ ಮೂಲೆಯಲ್ಲಿ ನಿಂತಿತ್ತೋ ನಾನು ನೋಡಲಿಲ್ಲ. ನೋಡಬೇಕಿತ್ತು.

ಅವತ್ತು ಹೊಳೆನರಸೀಪುರದವರೆಗೆ ಬೇಕರಿಯವರು ಯಾರನ್ನೂ ರೇಗಿಸಲಿಲ್ಲ. ಅಲ್ಲಿ ಅಕ್ಕಿ ಹಂಚುವಾಗ ಮೇಷ್ಟ್ರು ನನ್ನ ಹತ್ತಿರ ಬಂದು ಕೇಳಿದರು. "ತಪ್ಪು ಮಾಡಿದ್ನಾ?" ಯಾರಿಗೂ ಗೊತ್ತಾಗದ ಹಾಗೆ ಎಂದು ನಾನು ಹೇಳಿದ್ದೆನಲ್ಲ ಎಂದೆ. ಅವರು, "ಹಸಿದೋರಿಗೆ ಕದ್ದು ಮುಚ್ಚಿ ಕೊಡೋದು ನನಗೆ ಬರಲ್ಲ ಕಣಮ್ಮ. ಹಸಿವು ಅವಮಾನನಾ?" ಎಂದರು. ಅವರು ನಿಜವಾಗಿಯೂ ಹಾಗೆ ನಂಬಿದ್ದರು.

ಮಾರನೇ ತಿಂಗಳು ಆ ಊರಿಗೆ ಹೋದಾಗ ಅವಳ ಮನೆಯ ಬಾಗಿಲು ಹಾಕಿತ್ತು. ಕಾಲೋನಿಯ ಇನ್ನೆರಡು ಮನೆಯವರು ಡಬ್ಬಿಗಳನ್ನು ತೊಳೆದು ಬೋರಲು ಹಾಕಿ ಜಗಲಿಯ ಮೇಲೆ ಇಟ್ಟಿದ್ದರು. ಯಾಕೆಂದು ಕೇಳಿದೆ.

"ಬೇಡ ಬುಡಿ ಸಾವ್ಕಾರ್ರೆ" ಎಂದ ಒಂದು ಮನೆಯವನು, ನನಗಲ್ಲ, ಮೇಷ್ಟ್ರಿಗೆ. "ನಾವು ಕೊಟ್ರೆ ನೀವು ಇನ್ನೊಂದಿನ ಚೀಲ ತಂದು ಬಾಗ್ಲಾಗೆ ಇಳಿಸ್ತೀರಿ. ನಮ್ಗೆ ಈಗ್ಲೇ ಸಾಕಾಗಿದೆ."

ಮೇಷ್ಟ್ರು ಎರಡು ಡಬ್ಬಿಗಳನ್ನೂ ತಾವೇ ಕ್ಯಾರಿಯರಿಗೆ ಕಟ್ಟಿಕೊಂಡರು. ಆ ತಿಂಗಳಿಂದ ಯಾರ ಮನೆಯ ಮುಂದೆಯೂ ಬೆಲ್ ಹೊಡೆಯುವುದು ಬೇಡ ಎಂದು ಅವರೇ ಹೇಳಿದರು. ದೊಡ್ಡ ಬೀದಿಯವರು ಯಾಕೆಂದು ಕೇಳುತ್ತಲೇ ಇದ್ದಾರೆ.

ಗೌರಿ ಹಬ್ಬ ಮುಗಿದ ವಾರ ಅವಳು ಮತ್ತೆ ಲ್ಯಾಬಿಗೆ ಬಂದಳು, ಒಬ್ಬಳೇ. ಚೀಟಿ ಕೊಟ್ಟು ಕೂತಳು. ನನ್ನ ಕೈಗೇ ಬಂದಳು, ಬೇರೆಯವರು ಅವತ್ತು ರಜೆ. ತೋಳು ಚಾಚಿ ಕಿಟಕಿಯ ಕಡೆ ಮುಖ ಮಾಡಿದಳು. ಬಳೆಗಳು ಮೊಣಕೈವರೆಗೆ ಜಾರಲಿಲ್ಲ, ಮುಂಗೈಯ ಹತ್ತಿರವೇ ನಿಂತವು. ರಕ್ತ ಕಣ್ಣಿಗೇ ಗೊತ್ತಾಗುವಷ್ಟು ಕೆಂಪಗಿತ್ತು. ಒಂದು ಗಂಟೆಯ ನಂತರ ರಿಪೋರ್ಟ್ ಬಂದಾಗ ಸಂಖ್ಯೆಯೂ ಹಾಗೇ ಹೇಳಿತು.

"ಮೇಲಕ್ಕೆ ಬಂದಿದೆ" ಎಂದೆ.

"ಎಷ್ಟ್ ಬಂದದೆ ಮೇಡಂ?"

ಹೇಳಿದೆ. ಅವಳು ಒಂದು ಸಲ ತನ್ನಲ್ಲೇ ಹೇಳಿಕೊಂಡು ಹಾಳೆ ಮಡಿಸಿದಳು.

"ನನ್ನಿಂದ ತಪ್ಪಾಯ್ತು. ನಿನಗೆ ಮಾತು ಕೊಟ್ಟಿದ್ದೆ."

"ಬುಡಿ ಮೇಡಂ. ನೀವು ಒಳ್ಳೇದಕ್ಕೇ ಏಳಿರ್ತೀರಾ."

ಎದುರಿನ ಅಂಗಡಿಯಿಂದ ಬನ್ನು, ಟೀ ತರಿಸುತ್ತೇನೆ, ತಿಂದು ಬಸ್ಸು ಹತ್ತು ಎಂದೆ.

"ಬೇಡಿ ಮೇಡಂ. ಉಂಡ್ಕೊಂಡೇ ಬಂದಿವ್ನಿ."

ಅವಳು ಬೆಂಚಿನ ಮೇಲೆ ಕೂತು ಚೀಲ ಸರಿಮಾಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕ. ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದು, ರಕ್ತ ಕೊಟ್ಟಾದ ಮೇಲೆ ಬೆವರುತ್ತ ತಲೆ ಹಿಡಿದುಕೊಂಡಿದ್ದ. ಅವಳು ಚೀಲಕ್ಕೆ ಕೈ ಹಾಕಿ ಒಂದು ಬಾಳೆಹಣ್ಣು ತೆಗೆದಳು. "ತಕಳಿ ತಾತ. ಕಣ್ ಕತ್ಲೆ ಬತ್ತ ಐತಾ? ಮೆಲ್ಲಗೆ ತಿನ್ನಿ" ಎಂದು ಸಿಪ್ಪೆ ಸುಲಿದು ಅವನ ಕೈಯಲ್ಲಿಟ್ಟಳು. ಅವನು ತಿನ್ನುವವರೆಗೆ ಪಕ್ಕದಲ್ಲೇ ಕೂತಿದ್ದಳು.

ಅವಳ ಚೀಲದಲ್ಲಿ ಇನ್ನೊಂದು ಹಣ್ಣು ಇದೆಯೋ ಇಲ್ಲವೋ ಎಂದು ನಾನು ಕೌಂಟರಿನ ಹಿಂದಿನಿಂದ ಕತ್ತು ಚಾಚಿ ನೋಡಲು ಹೋದೆ. ಅವಳು ತಲೆ ಎತ್ತಿದಳು. ನಾನು ಕಣ್ಣು ಕೆಳಗೆ ಮಾಡಿ, ಪಟ್ಟಿಯಲ್ಲಿದ್ದ ಮುಂದಿನವರ ಹೆಸರು ಕೂಗಿದೆ.